ಜಡ್ಜ್ ಹೇಳಿದ್ದನ್ನು ಬರೆಯುವವರು ಯಾರು? ಕೋರ್ಟು, ಸದನಗಳ ಕ್ಲರ್ಕುಗಳ ಬಗ್ಗೆ ಮಾತಾಡೋಣ

ತುಂಗೆ ದಂಡೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮ ಮನೆಯ ಪಾಲಿನ ದಾವೆ ಹನ್ನೊಂದು ವರ್ಷ ನಡೆಯಿತು. ಕಳೆದ ವರ್ಷ ತೀರ್ಪು ಬಂತು, ನಮ್ಮ ವಿರುದ್ಧ. ಅಪ್ಪ ಕೋರ್ಟ್ ಹಾಲಿನ ಹೊರಗೆ ಬೆಂಚಿನ ಮೇಲೆ ಕೂತುಬಿಟ್ಟರು. ವಕೀಲರು ಇನ್ನೊಂದು ಕೇಸಿಗೆ ಓಡಿದ್ದರು. ನನಗೆ ಏನು ಮಾಡಬೇಕು ಅಂತ ತೋಚಲಿಲ್ಲ. ಆಗ ಒಳಗಿಂದ ಫೈಲುಗಳ ಕಟ್ಟು ಹಿಡಿದುಕೊಂಡು ಬಂದ ಸಿಬ್ಬಂದಿ ಒಬ್ಬರು, ವಯಸ್ಸಾದ ಹೆಂಗಸು, ನಮ್ಮ ಹತ್ತಿರ ಒಂದು ನಿಮಿಷ ನಿಂತರು. "ಅಪೀಲು ಹಾಕುವ ಯೋಚನೆ ಇದ್ದರೆ ಇವತ್ತೇ ನಕಲಿಗೆ ಅರ್ಜಿ ಕೊಡಿ ಯಜಮಾನ್ರೇ. ನಾಳೆ ಅನ್ನಬೇಡಿ" ಅಂದು ಹೊರಟುಹೋದರು.

ಅವರು ಹಾಗೆ ಯಾಕೆ ಹೇಳಿದರು ಅಂತ ಆಗ ಗೊತ್ತಾಗಲಿಲ್ಲ. ಆದರೂ ಅವತ್ತೇ ಅರ್ಜಿ ಕೊಟ್ಟೆ. ಅಪೀಲಿನ ಹೊತ್ತಿಗೆ ದಿನದ ಲೆಕ್ಕ ಬಂದಾಗ ಅದರ ಬೆಲೆ ಗೊತ್ತಾಯಿತು.

ಅಂದಿನಿಂದ ಒಂದು ವಿಷಯ ತಲೆಯಲ್ಲಿ ಕೂತಿದೆ. ಕೋರ್ಟು ಅಂದರೆ ನಮಗೆ ಜಡ್ಜು ಮತ್ತು ವಕೀಲರು. ವಿಧಾನಸಭೆ ಅಂದರೆ ಸ್ಪೀಕರ್ ಮತ್ತು ಶಾಸಕರು. ಟಿವಿಯಲ್ಲಿ ನೋಡುವುದೂ ಅವರನ್ನೇ. ಆದರೆ ಜಡ್ಜ್ ಎದುರಿಗೆ ಕೆಳಗಿನ ಮೇಜಿನಲ್ಲಿ ತಲೆ ಬಗ್ಗಿಸಿ ಬರೆಯುತ್ತಿರುತ್ತಾರಲ್ಲ, ಸದನದ ನಡುವಿನ ಮೇಜಿನಲ್ಲಿ ಕೂತು ಬರೆದುಕೊಳ್ಳುತ್ತಿರುತ್ತಾರಲ್ಲ, ಅವರು ಯಾರು? ಹತ್ತು ವರ್ಷ ಆದ ಮೇಲೆ ಅವತ್ತು ಏನಾಯಿತು ಅಂತ ಕೇಳಿದರೆ ಉತ್ತರ ಸಿಗುವುದು ಅವರು ಬರೆದದ್ದರಲ್ಲಿ ಮಾತ್ರ. ಆದರೂ ಅವರ ಕೆಲಸದ ಬಗ್ಗೆ ಕನ್ನಡದಲ್ಲಿ ಸರಿಯಾಗಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಗೊತ್ತಿರುವವರು, ಅಲ್ಲೇ ಕೆಲಸ ಮಾಡಿದವರು ಇದ್ದರೆ ಹೇಳಿ.

ಹಳೇ ದಫ್ತರ:

ಒಳ್ಳೆಯ ವಿಷಯ ಎತ್ತಿದಿರಿ. ನಾನು ಕೋರ್ಟುಗಳಲ್ಲಿ 34 ವರ್ಷ ಕೆಲಸ ಮಾಡಿದವನು. ಬೆರಳಚ್ಚುಗಾರನಾಗಿ ಸೇರಿ, ಬೆಂಚ್ ಕ್ಲರ್ಕ್ ಆಗಿ, ಕೊನೆಗೆ ಶಿರಸ್ತೇದಾರನಾಗಿ ನಿವೃತ್ತನಾದೆ. ಶಿರಸ್ತೇದಾರ ಪದದಲ್ಲಿ 'ಶಿರಸ್ಸು' ಇದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಪಾರ್ಸಿಯ 'ಸರ್‌ರಿಷ್ತಾದಾರ್', ದಾಖಲೆ ಇಟ್ಟುಕೊಳ್ಳುವವನು ಅಂತ ಅರ್ಥ.

ಮೊದಲು ಆ ತಾಯಿ ಯಾಕೆ "ಇವತ್ತೇ" ಅಂದರು ಅನ್ನುವುದನ್ನು ಹೇಳುತ್ತೇನೆ. ನಿಮ್ಮಂಥ ದಾವೆಯಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹೋಗಲು 30 ದಿನ. ಹೈಕೋರ್ಟಿಗಾದರೆ 90 ದಿನ. ತೀರ್ಪಿನ ನಕಲು ಇಲ್ಲದೆ ಅಪೀಲು ಹಾಕುವ ಹಾಗಿಲ್ಲ. ನಕಲು ಸಿದ್ಧ ಮಾಡಲು ಕೋರ್ಟು ತೆಗೆದುಕೊಂಡ ದಿನಗಳನ್ನು ಈ 30ರಲ್ಲಿ ಲೆಕ್ಕ ಹಿಡಿಯುವುದಿಲ್ಲ. 1963ರ ಕಾಲಮಿತಿ ಕಾಯ್ದೆಯ 12ನೇ ಕಲಂ ಇದು. ಆದರೆ ಆ ರಿಯಾಯಿತಿ ಶುರುವಾಗುವುದು ನೀವು ಅರ್ಜಿ ಕೊಟ್ಟ ದಿನದಿಂದ. ನಾಳೆ, ನಾಡಿದ್ದು ಅಂತ ಮನೆಯಲ್ಲಿ ಕೂತ ದಿನಗಳು ನಿಮ್ಮ ಖಾತೆಗೇ ಹೋಗುತ್ತವೆ. ನಕಲು ಸಿದ್ಧ ಅಂತ ಬೋರ್ಡಿಗೆ ಹಾಕಿದ ಮೇಲೆ ತೆಗೆದುಕೊಳ್ಳದೆ ಬಿಟ್ಟ ದಿನಗಳೂ ಅಷ್ಟೇ. ಎಷ್ಟೋ ರೈತರು ಇಲ್ಲಿ ದಿನ ಕಳೆದುಕೊಂಡು, ಆಮೇಲೆ ತಡ ಮನ್ನಿಸಿ ಅಂತ ಬೇರೆ ಅರ್ಜಿ ಹಾಕಿ, ಅದಕ್ಕೇ ಎರಡು ವರ್ಷ ಅಲೆದದ್ದನ್ನು ನೋಡಿದ್ದೇನೆ.

ಈಗ ಬೆಂಚ್ ಕ್ಲರ್ಕ್ ಕೆಲಸ. 11 ಗಂಟೆಗೆ ಕೋರ್ಟು ಶುರುವಾಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ನಮಗೆ ಅದು ಹಿಂದಿನ ದಿನ ಸಂಜೆಯೇ ಶುರು. ನಾಳೆಯ ಪಟ್ಟಿಯಲ್ಲಿ 80 ಕೇಸು ಇದ್ದರೆ 80 ಫೈಲು ಬೀರುವಿನಿಂದ ಇಳಿಸಬೇಕು. ಒಂದೊಂದರಲ್ಲೂ ಹಿಂದಿನ ತಾರೀಕಿಗೆ ಏನು ಆದೇಶ ಆಗಿತ್ತು, ಸಮನ್ಸ್ ಜಾರಿಯಾಗಿ ವಾಪಸ್ ಬಂತಾ, ಪ್ರೊಸೆಸ್ ಶುಲ್ಕ ಕಟ್ಟಿದ್ದಾರಾ, ಸತ್ತ ಪ್ರತಿವಾದಿಯ ವಾರಸುದಾರರನ್ನು ಸೇರಿಸಿದರಾ ಅಂತ ನೋಡಬೇಕು. ಬೆಳಿಗ್ಗೆ ಕೇಸು ಕರೆಯಬೇಕು. ಸಾಕ್ಷಿ ಕಟಕಟೆ ಹತ್ತಿದರೆ ಪ್ರಮಾಣ ಮಾಡಿಸಬೇಕು. ದಾಖಲೆ ಹಾಜರು ಮಾಡಿದರೆ ನಿಶಾನೆ ಹಾಕಬೇಕು. ವಾದಿಯದ್ದಾದರೆ ಪಿ-1, ಪಿ-2, ಪ್ರತಿವಾದಿಯದ್ದಾದರೆ ಡಿ-1, ಡಿ-2. ಕೊಲೆ ಕೇಸಿನ ಮಚ್ಚು, ರಕ್ತ ಹತ್ತಿದ ಅಂಗಿ ಇವೆಲ್ಲ ಮುದ್ದೇಮಾಲು, ಇಂಗ್ಲಿಷಿನಲ್ಲಿ ಮೆಟೀರಿಯಲ್ ಆಬ್ಜೆಕ್ಟ್, ಹಾಗಾಗಿ ಎಂಒ-1, ಎಂಒ-2. ಆ ನಂಬರು ಒಂದು ಅದಲು ಬದಲಾದರೆ ಮುಂದೆ ತೀರ್ಪಿನಲ್ಲಿ, ಅಪೀಲಿನಲ್ಲಿ ಎಲ್ಲ ಕಡೆ ಗೋಜಲು. ಮುದ್ದೇಮಾಲಿನ ಕೋಣೆ ನೋಡಿಕೊಳ್ಳುವ ಕ್ಲರ್ಕ್ ಚೀಟಿ ಕಿತ್ತುಹೋಗದಂತೆ ವರ್ಷಗಟ್ಟಲೆ ಕಾಯಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಆರ್ಡರ್ ಶೀಟ್. ಅವತ್ತು ಯಾರು ಹಾಜರಿದ್ದರು, ಯಾರು ಇರಲಿಲ್ಲ, ಏನು ನಡೆಯಿತು, ಮುಂದಿನ ವಾಯಿದೆ ಯಾವುದಕ್ಕೆ ಅಂತ ಅದರಲ್ಲಿ ಬರಬೇಕು, ಸಾಹೇಬರು ಸಹಿ ಹಾಕಬೇಕು. 'ಪ್ರತಿವಾದಿ ಗೈರು' ಅಂತ ಎರಡು ಪದ ಬಿದ್ದರೆ ಸಾಕು, ಒಂದು ಮನೆ ಜಮೀನು ಕಳೆದುಕೊಳ್ಳಬಹುದು. ಹಾಗಾಗಿ ಕೂಗಿ ಕರೆದ ಮೇಲೆ ನಾನು ಯಾವಾಗಲೂ ಬಾಗಿಲ ಕಡೆ ಒಮ್ಮೆ ನೋಡಿ ಆಮೇಲೆ ಬರೆಯುತ್ತಿದ್ದೆ. ಮೂತ್ರಕ್ಕೆ ಹೋಗಿರುತ್ತಾರೆ, ಕಿವಿ ಕೇಳುವುದಿಲ್ಲ, ಹೆಸರು ಇಂಗ್ಲಿಷಿನಲ್ಲಿ ತಿರುಚಿ ಕರೆದದ್ದು ತಮ್ಮದೇ ಅಂತ ಗೊತ್ತಾಗಿರುವುದಿಲ್ಲ.

ಕಕ್ಷಿದಾರ ಕಂಡಂತೆ:

ಹಿರಿಯರಿಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಎಲ್ಲರೂ ನಿಮ್ಮ ಹಾಗಿಲ್ಲ ಸರ್.

ಒಂದು ತಾಲೂಕು ಕೋರ್ಟಿನಲ್ಲಿ ನಮ್ಮ ಚಿಕ್ಕಮ್ಮನ ಮೇಲೆ ದಾವೆ ಬಿತ್ತು. ಸಮನ್ಸ್ ತಂದ ಅಮೀನರು ಊರಿಗೆ ಬಂದರೋ ಇಲ್ಲವೋ ಗೊತ್ತಿಲ್ಲ, ಆದರೆ ಷರಾ ಮಾತ್ರ ಬರೆದಾಗಿತ್ತು, 'ತೆಗೆದುಕೊಳ್ಳಲು ನಿರಾಕರಿಸಿದರು, ಬಾಗಿಲಿಗೆ ಅಂಟಿಸಲಾಗಿದೆ' ಅಂತ. ಚಿಕ್ಕಮ್ಮ ಆ ವಾರ ಬಾಣಂತನಕ್ಕೆ ಮಗಳ ಮನೆಯಲ್ಲಿದ್ದರು. ಮನೆಯಲ್ಲೇ ಇಲ್ಲದವರು ನಿರಾಕರಿಸುವುದು ಹೇಗೆ? ಏಕಪಕ್ಷೀಯ ಡಿಕ್ರಿ ಆಯಿತು. ಗೊತ್ತಾದದ್ದು ಜಮೀನು ಅಳೆಯಲು ಜನ ಬಂದಾಗ. ಅದನ್ನು ರದ್ದು ಮಾಡಿಸಲು ಮೂರು ವರ್ಷ ಹೋಯಿತು.

ನಕಲು ಶಾಖೆಗೆ ಹೋದರೂ ಅದೇ. ಪುಟಕ್ಕೆ ಇಷ್ಟು ಅಂತ ಶುಲ್ಕ ಕಟ್ಟಿದ ಮೇಲೂ 'ನೋಡ್ಕೊಳ್ಳಿ' ಅನ್ನುತ್ತಾರೆ. ನೋಡಿಕೊಳ್ಳುವುದು ಅಂದರೇನು ಅಂತ ಎಲ್ಲರಿಗೂ ಗೊತ್ತು. ಬರೆಯುವ ಕೈಗೆ ಇಷ್ಟು ಬಲ ಇದೆ ಅಂದಮೇಲೆ ಅದನ್ನು ಮಾರಿಕೊಳ್ಳುವವರೂ ಇರುತ್ತಾರೆ. ಹೊಗಳುವ ಮೊದಲು ಇದನ್ನೂ ಮಾತಾಡಬೇಕು.

ಹಳೇ ದಫ್ತರ:

ನೀವು ಹೇಳಿದ್ದು ನಿಜ. ಅಲ್ಲಗಳೆಯುವುದಿಲ್ಲ. ಇಂಥ ಷರಾ ಬರೆದವರ ಜೊತೆ ನಾನೂ ಕೆಲಸ ಮಾಡಿದ್ದೇನೆ, ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಆದರೆ ಇದಕ್ಕೆ ಕಾನೂನಿನಲ್ಲಿ ತಡೆ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶ ಓದಿ. ಪ್ರತಿವಾದಿ ಮನೆಯಲ್ಲಿ ಇಲ್ಲ, ಸದ್ಯಕ್ಕೆ ಸಿಗುವ ಹಾಗೂ ಇಲ್ಲ ಅಂದರೆ ಅವರ ಜೊತೆ ವಾಸ ಮಾಡುವ ವಯಸ್ಕ ಸದಸ್ಯರಿಗೆ ಕೊಡಬಹುದು. ಮನೆಯ ಆಳಿಗೆ ಕೊಟ್ಟರೆ ಲೆಕ್ಕಕ್ಕಿಲ್ಲ. ಯಾರೂ ತೆಗೆದುಕೊಳ್ಳದಿದ್ದರೆ ಬಾಗಿಲಿಗೆ ಅಂಟಿಸಿ, ಯಾವಾಗ ಅಂಟಿಸಿದೆ, ಮನೆ ತೋರಿಸಿದವರು ಯಾರು, ಯಾರ ಎದುರಿಗೆ ಅಂಟಿಸಿದೆ ಅಂತ ಹೆಸರು ವಿಳಾಸ ಸಮೇತ ಬರೆಯಬೇಕು. ಆ ವರದಿಗೆ ಜಾರಿಕಾರರ ಪ್ರಮಾಣಪತ್ರ ಇಲ್ಲದಿದ್ದರೆ ಕೋರ್ಟು ಅವರನ್ನೇ ಪ್ರಮಾಣ ಮಾಡಿಸಿ ವಿಚಾರಿಸಲೇಬೇಕು. ಪ್ರಮಾಣಪತ್ರ ಇದ್ದರೂ ವಿಚಾರಿಸಬಹುದು. ಈ ವಿಚಾರಣೆ ಸರಿಯಾಗಿ ನಡೆದರೆ ಸುಳ್ಳು ಷರಾ ಅರ್ಧ ನಿಲ್ಲುತ್ತದೆ. ನಡೆಯುವುದು ಕಡಿಮೆ, ಅದೇ ತೊಂದರೆ.

ಇನ್ನೊಂದು ಮಾತು. ಒಬ್ಬ ಜಾರಿಕಾರನ ಚೀಲದಲ್ಲಿ ಒಂದೇ ದಿನ ಮೂರು ಹೋಬಳಿಯ ಸಮನ್ಸ್ ಇರುತ್ತವೆ. ಬಸ್ಸಿಲ್ಲದ ಊರಿಗೆ ಅವನು ಹೋಗಬೇಕು, ಹೋದ ಮನೆಯಲ್ಲಿ ಬೈಗುಳ ತಿನ್ನಬೇಕು. ಇದು ಸುಳ್ಳು ಬರೆಯಲು ಕಾರಣ ಆಗಬಾರದು, ಆದರೆ ಅವನ ಕೆಲಸದ ಭಾರ ಎಷ್ಟು ಅನ್ನುವುದೂ ಗೊತ್ತಿರಲಿ.

ಕರಿ ಕೋಟು:

ನಾನು ವಕೀಲಿಕೆಗೆ ಬಂದು ಆರು ವರ್ಷ. ಮೊದಲ ವರ್ಷ ನನಗೆ ಕೆಲಸ ಕಲಿಸಿದ್ದು ಸೀನಿಯರ್ ಜಾಸ್ತಿ ಅಲ್ಲ, ಅವರ ಆಫೀಸಿನ ಗುಮಾಸ್ತಣ್ಣ. ಫೈಲಿಂಗ್ ಕೌಂಟರಿನಲ್ಲಿ ಏನು ಆಕ್ಷೇಪಣೆ ಹಾಕುತ್ತಾರೆ, ಕೋರ್ಟ್ ಶುಲ್ಕ ಎಷ್ಟು ಕಡಿಮೆ ಬಿದ್ದಿದೆ, ವಕಾಲತ್ತಿನಲ್ಲಿ ಸಹಿ ಎಲ್ಲಿ ಬಿಟ್ಟುಹೋಗಿದೆ, ಎಲ್ಲ ಅವರ ಬೆರಳ ತುದಿಯಲ್ಲಿತ್ತು. ಇವರು ಖಾಸಗಿ ಗುಮಾಸ್ತರು, ಕೋರ್ಟಿನ ಸಿಬ್ಬಂದಿ ಬೇರೆ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಅದಕ್ಕೇ ಹೇಳಿದೆ.

ಒಂದು ಪದದ ಬೆಲೆ ಏನು ಅನ್ನುವುದಕ್ಕೆ ದೇಶಕ್ಕೇ ಗೊತ್ತಾದ ಉದಾಹರಣೆ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ದೊಡ್ಡ ಉದ್ಯಮಿಯೊಬ್ಬರ ಮೇಲೆ ನ್ಯಾಯಾಂಗ ನಿಂದನೆ ಪ್ರಕರಣ ನಡೆಯುತ್ತಿತ್ತು. ಅವರಿಗೆ ಖುದ್ದು ಹಾಜರಿಯಿಂದ ವಿನಾಯಿತಿ ಇಲ್ಲ ಅಂತ ಪೀಠ ಹೇಳಿತ್ತು. ವೆಬ್‌ಸೈಟಿಗೆ ಬಂದ ಆದೇಶದಲ್ಲಿ ಇಂಗ್ಲಿಷಿನ 'ನಾಟ್' ಅನ್ನುವ ಪದ ಇರಲಿಲ್ಲ. ಅಂದರೆ ವಿನಾಯಿತಿ ಇದೆ ಅಂತ ಆಯಿತು. ಎದುರು ಪಕ್ಷದವರು ನೋಡಿ ಹೇಳಿದ ಮೇಲೆ ಆದೇಶ ತಿದ್ದಲಾಯಿತು, ಫೆಬ್ರುವರಿಯಲ್ಲಿ ಇಬ್ಬರು ಸಿಬ್ಬಂದಿಯನ್ನು ವಜಾ ಮಾಡಿದರು. ತಪ್ಪು ಯಾರದ್ದು ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಹೇಳಬೇಕಾದ್ದು ಇಷ್ಟೇ, ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ನ್ಯಾಯಮೂರ್ತಿಗಳು ಬಾಯಲ್ಲಿ ಹೇಳಿದ್ದು ಒಂದು, ಕಾಗದದಲ್ಲಿ ಇದ್ದದ್ದು ಇನ್ನೊಂದು. ಯಾರೂ ನೋಡದಿದ್ದರೆ ಕಾಗದವೇ ಗೆಲ್ಲುತ್ತಿತ್ತು.

ಜಾಮೀನಿನ ವಿಷಯದಲ್ಲಂತೂ ನನಗೆ ಹೊಟ್ಟೆ ಉರಿಯುತ್ತದೆ. ಜಡ್ಜ್ ಜಾಮೀನು ಕೊಟ್ಟರು ಅಂದರೆ ಮುಗಿಯಲಿಲ್ಲ. ಜಾಮೀನುದಾರರ ಪಹಣಿ, ಆಧಾರ್ ಪರಿಶೀಲನೆ ಆಗಬೇಕು, ಬಾಂಡ್ ಆಗಬೇಕು, ಬಿಡುಗಡೆ ಆದೇಶ ಟೈಪ್ ಆಗಬೇಕು, ಸಹಿ, ಮೊಹರು ಬೀಳಬೇಕು, ಜೈಲಿಗೆ ಸಂಜೆಯ ಒಳಗೆ ತಲುಪಬೇಕು. ಶನಿವಾರ ಸಂಜೆ ಒಂದು ಅಕ್ಷರ ತಪ್ಪಾಗಿ ವಾಪಸ್ ಬಂದರೆ ಸೋಮವಾರದವರೆಗೆ ಆ ಮನುಷ್ಯ ಒಳಗೇ. 2021ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಾಮೀನು ಕೊಟ್ಟ 13 ಜನ ಆದೇಶದ ಪ್ರತಿ ತಲುಪಲಿಲ್ಲ ಅಂತ ಆಗ್ರಾ ಜೈಲಿನಲ್ಲಿ ದಿನಗಟ್ಟಲೆ ಉಳಿದರು. ಕೋರ್ಟು ತಾನಾಗಿಯೇ ಅದನ್ನು ಕೈಗೆತ್ತಿಕೊಂಡಿತು. 2022ರ ಮಾರ್ಚಿನಲ್ಲಿ ಆದೇಶಗಳನ್ನು ಇಲೆಕ್ಟ್ರಾನಿಕ್ ದಾರಿಯಲ್ಲಿ ಕಳಿಸುವ 'ಫಾಸ್ಟರ್' ವ್ಯವಸ್ಥೆ ಬಂತು. 2023ರ ಜನವರಿಯಲ್ಲಿ, ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಜೈಲಿಗೆ ಇ-ಮೇಲ್ ಮಾಡಬೇಕು ಅಂತ ಎಲ್ಲ ಕೋರ್ಟುಗಳಿಗೂ ನಿರ್ದೇಶನ ಆಯಿತು. ಆ ಇ-ಮೇಲ್ ಕಳಿಸುವವರು ಯಾರು? ಮತ್ತೆ ಅದೇ ಕ್ಲರ್ಕ್.

ಮಲಪ್ರಭಾ:

ನಮ್ಮ ಧಾರವಾಡದ ಕಡೆ 'ಕಾರಕೂನ' ಅಂತಾರೆ. ಅಜ್ಜ ಮುಂಬೈ ಪ್ರಾಂತದ ಕಾಲದಲ್ಲಿ ಕೋರ್ಟಿನ ಕಾರಕೂನ ಇದ್ದರು. ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ ಓದುತ್ತಿದ್ದರು, ಕನ್ನಡ ಓದುತ್ತಿದ್ದರು, ಇಂಗ್ಲಿಷೂ ಬರುತ್ತಿತ್ತು. ಮೂರು ಲಿಪಿಯ ಕಾಗದ ಒಂದೇ ಕೇಸಿನಲ್ಲಿ ಇರುತ್ತಿತ್ತಂತೆ. ಸಮನ್ಸಿನವರ ಮೇಲಿನ ಯಜಮಾನನಿಗೆ 'ನಾಜರ' ಅನ್ನುತ್ತಿದ್ದರು. ಆ ಶಬ್ದ ಈಗಲೂ ಇದೆ.

ಶೀಘ್ರಲಿಪಿ:

ಸದನದ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ಶಾಸನಸಭೆಯಲ್ಲಿ ವರದಿಗಾರಳಾಗಿದ್ದೆ, ಈಗ ನಿವೃತ್ತಿ. ಪತ್ರಿಕೆಯ ವರದಿಗಾರರಲ್ಲ, ಸದನದಲ್ಲಿ ಆಡಿದ ಪ್ರತಿ ಮಾತನ್ನೂ ಶೀಘ್ರಲಿಪಿಯಲ್ಲಿ ತೆಗೆದುಕೊಳ್ಳುವ ಕೆಲಸ.

ನಾವು ಸರದಿಯ ಮೇಲೆ ಕೂರುತ್ತೇವೆ. ಕೆಲವೇ ನಿಮಿಷದ ಸರದಿ, ಮುಗಿದ ತಕ್ಷಣ ಮುಂದಿನವರು ಬರುತ್ತಾರೆ, ನಾವು ಎದ್ದು ಹೋಗಿ ಬರೆದದ್ದನ್ನು ಪೂರ್ತಿ ಅಕ್ಷರಕ್ಕೆ ಇಳಿಸಬೇಕು. ಬೀದರಿನ ಶಾಸಕರ ಮಾತು ಒಂದು ಧಾಟಿ, ಮಂಗಳೂರಿನವರದ್ದು ಇನ್ನೊಂದು, ಚಾಮರಾಜನಗರದವರದ್ದು ಮತ್ತೊಂದು. ಹೊಸಬರಿಗೆ ಮೊದಲ ಅಧಿವೇಶನದಲ್ಲಿ ಅಳು ಬರುತ್ತದೆ. ಗಾದೆ ಹೇಳುತ್ತಾರೆ, ವಚನ ಹೇಳುತ್ತಾರೆ, ಅರ್ಧಕ್ಕೆ ನಿಲ್ಲಿಸುತ್ತಾರೆ. ಅಂಕಿ ಅಂಶ ಓದುವಾಗ ಉಸಿರು ಬಿಡುವುದಿಲ್ಲ. ಹತ್ತು ಜನ ಒಟ್ಟಿಗೆ ಎದ್ದು ಕೂಗಿದಾಗ ಯಾರ ಮಾತು ಯಾರದ್ದು ಅಂತ ದನಿಯಲ್ಲೇ ಗುರುತು ಹಿಡಿಯಬೇಕು. ಮುಖ ನೋಡಲು ಪುರುಸೊತ್ತು ಇರುವುದಿಲ್ಲ.

ಸಭಾಧ್ಯಕ್ಷರು 'ಕಡತದಿಂದ ತೆಗೆಯಿರಿ' ಅಂದರೆ ಮಾತ್ರ ಒಂದು ಮಾತು ಹೋಗುತ್ತದೆ. ನಮಗೆ ಇಷ್ಟ ಆಗಲಿಲ್ಲ ಅಂತ ಒಂದು ಅಕ್ಷರ ಬಿಡುವ ಹಾಗಿಲ್ಲ. ಸದಸ್ಯರು ತಮ್ಮ ಭಾಷಣದ ಪ್ರತಿ ನೋಡಿ ತಪ್ಪು ತಿದ್ದಿಕೊಡಬಹುದು, ಆದರೆ ಅರ್ಥ ಬದಲಾಯಿಸುವ ಹಾಗಿಲ್ಲ. ನಿನ್ನೆ ಸಿಟ್ಟಿನಲ್ಲಿ ಹೇಳಿದ್ದನ್ನು ಇವತ್ತು ಮೆತ್ತಗೆ ಮಾಡಿಕೊಡಿ ಅಂತ ಕೇಳುವವರು ಇರುತ್ತಾರೆ. ಆಗ 'ಆಗಲ್ಲ ಸರ್' ಅನ್ನಲು ಧೈರ್ಯ ಬೇಕು. ಆ ಧೈರ್ಯಕ್ಕೆ ಸಂವಿಧಾನದಲ್ಲೇ ಒಂದು ಆಸರೆ ಇದೆ. 187ನೇ ವಿಧಿಯ ಪ್ರಕಾರ ರಾಜ್ಯದ ಶಾಸಕಾಂಗಕ್ಕೆ ತನ್ನದೇ ಪ್ರತ್ಯೇಕ ಸಚಿವಾಲಯ ಇರುತ್ತದೆ. ಸಂಸತ್ತಿಗೆ 98ನೇ ವಿಧಿ. ಹೈಕೋರ್ಟಿನ ಸಿಬ್ಬಂದಿ ನೇಮಕ 229ನೇ ವಿಧಿಯಂತೆ ಮುಖ್ಯ ನ್ಯಾಯಮೂರ್ತಿಗಳ ಕೈಯಲ್ಲಿ. ಮೂರರಲ್ಲೂ ಇರುವುದು ಒಂದೇ ಯೋಚನೆ, ಬರೆಯುವವರು ಸರ್ಕಾರದ ಕೈಕೆಳಗಿನವರು ಆಗಬಾರದು ಅಂತ.

ಸದನದ ಕಾರ್ಯದರ್ಶಿಯವರ ಕೆಲಸ ಇನ್ನೂ ದೊಡ್ಡದು. ಅಧಿವೇಶನಕ್ಕೆ ಬನ್ನಿ ಅಂತ 224 ಸದಸ್ಯರಿಗೂ ಪತ್ರ ಹೋಗುವುದು ಅವರಿಂದ. ಪ್ರಶ್ನೆ, ಗಮನ ಸೆಳೆಯುವ ಸೂಚನೆ, ನಿಲುವಳಿ ಸೂಚನೆ ಎಲ್ಲ ಮೊದಲು ಬರುವುದು ಅವರ ಕಚೇರಿಗೆ. ಮಸೂದೆಗೆ ಸದನದಲ್ಲಿ ತಿದ್ದುಪಡಿ ಒಪ್ಪಿಗೆಯಾದರೆ ಅದನ್ನು ಅಕ್ಷರ ಅಕ್ಷರ ಸೇರಿಸಿ, ಅಂಗೀಕಾರವಾದ ಪ್ರತಿ ಇದೇ ಅಂತ ಖಾತ್ರಿ ಮಾಡಿ ಸಹಿಗೆ ಇಡಬೇಕು. 'ಮತ್ತು' ಇರುವ ಕಡೆ 'ಅಥವಾ' ಬಂದರೆ ಕಾನೂನೇ ಬೇರೆ ಆಗುತ್ತದೆ, ಅಲ್ವಾ? ನಮ್ಮಲ್ಲಿ ರಾಜ್ಯಸಭೆ ಚುನಾವಣೆಗೆ ಚುನಾವಣಾಧಿಕಾರಿ ಆಗುವುದೂ ವಿಧಾನಸಭೆಯ ಕಾರ್ಯದರ್ಶಿಯೇ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಅಂದರೆ ಇಡೀ ಕಚೇರಿ ಫೈಲು ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತದೆ. ಆ ಎರಡು ವಾರ ಮನೆ ಮಕ್ಕಳ ಮುಖ ಇಲ್ಲ.

ಹಳೆ ಪುಟ:

ಶೀಘ್ರಲಿಪಿ ಅಕ್ಕ ಹೇಳಿದ ಪ್ರತ್ಯೇಕ ಸಚಿವಾಲಯಕ್ಕೆ ಒಂದು ಹೋರಾಟದ ಕಥೆ ಇದೆ. ಬ್ರಿಟಿಷರ ಕಾಲದ ಕೇಂದ್ರ ಶಾಸನಸಭೆಗೆ ವಿಠ್ಠಲಭಾಯಿ ಪಟೇಲರು ಅಧ್ಯಕ್ಷರಾಗಿದ್ದರು, ಸರ್ದಾರ್ ಪಟೇಲರ ಅಣ್ಣ. ಸಭೆಯ ಕಚೇರಿ ಸರ್ಕಾರದ ಕೈಯಲ್ಲಿದ್ದರೆ ಅಧ್ಯಕ್ಷ ಸ್ವತಂತ್ರವಾಗಿ ನಡೆಯುವುದು ಹೇಗೆ ಅಂತ ಅವರು ಪಟ್ಟು ಹಿಡಿದರು. 1929ರ ಜನವರಿ 10ರಂದು ಸಭೆಗೆ ಪ್ರತ್ಯೇಕ ಇಲಾಖೆ ಬಂತು. ಇವತ್ತಿನ ಲೋಕಸಭೆ ಸಚಿವಾಲಯದ ಬೇರು ಅಲ್ಲಿದೆ.

ಇನ್ನೂ ಹಿಂದಕ್ಕೆ ಹೋದರೆ ಇಂಗ್ಲೆಂಡ್. ಅಲ್ಲಿಯ ಕಾಮನ್ಸ್ ಸಭೆಯ ಮೊದಲ ಕ್ಲರ್ಕ್ ಅಂತ ಹೆಸರು ಸಿಗುವುದು ರಾಬರ್ಟ್ ಡಿ ಮೆಲ್ಟನ್ ಅವರದ್ದು, 1363ರಲ್ಲಿ. 1547ರಿಂದ ಕ್ಲರ್ಕು ದಿನಚರಿ ಪುಸ್ತಕ ಇಡಲು ಶುರು ಮಾಡಿದರು. 1621ರಲ್ಲಿ ಏನಾಯಿತು ಗೊತ್ತಾ? ಮಾತಾಡುವ ಹಕ್ಕು ನಮಗೆ ಹುಟ್ಟಿನಿಂದ ಬಂದದ್ದು ಅಂತ ಸಭೆ ಒಂದು ನಿರ್ಣಯ ಮಾಡಿ ಆ ಪುಸ್ತಕದಲ್ಲಿ ಬರೆಸಿತು. ದೊರೆ ಜೇಮ್ಸ್ ಪುಸ್ತಕ ತರಿಸಿಕೊಂಡು ಆ ಹಾಳೆಯನ್ನು ತನ್ನ ಕೈಯಾರೆ ಹರಿದು ಹಾಕಿದ. ಆಡಿದ ಮಾತಿಗೆ ಅಷ್ಟು ಹೆದರದವನು ಬರೆದ ಹಾಳೆಗೆ ಹೆದರಿದ. ಆಮೇಲೆ 1642ರಲ್ಲಿ ಅವನ ಮಗ ಚಾರ್ಲ್ಸ್ ಐವರು ಸದಸ್ಯರನ್ನು ಹಿಡಿಯಲು ಸೈನಿಕರ ಜೊತೆ ಸಭೆಗೇ ನುಗ್ಗಿದಾಗ, ಮೇಜಿನ ಹತ್ತಿರ ಇದ್ದ ಸಹಾಯಕ ಕ್ಲರ್ಕ್ ಜಾನ್ ರಶ್‌ವರ್ತ್ ದೊರೆಯ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡರು. ಅವತ್ತು ಒಳಗೆ ಏನು ಮಾತಾಯಿತು ಅಂತ ಜಗತ್ತಿಗೆ ಗೊತ್ತಿರುವುದು ಆ ಬರಹದಿಂದ.

ನಮ್ಮ ಕಡೆಯ ಒಂದು ಸಂಬಂಧವನ್ನೂ ಹೇಳಿಬಿಡುತ್ತೇನೆ. 1999ರಿಂದ 2002ರವರೆಗೆ ಕರ್ನಾಟಕದ ರಾಜ್ಯಪಾಲರಾಗಿದ್ದ ವಿ.ಎಸ್. ರಮಾದೇವಿಯವರು ಅದಕ್ಕೂ ಮೊದಲು ರಾಜ್ಯಸಭೆಯ ಮಹಾಕಾರ್ಯದರ್ಶಿ ಆಗಿದ್ದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ. ಇನ್ನು ಹೈಕೋರ್ಟ್ ಇರುವ ಅಠಾರಾ ಕಚೇರಿ. ಆ ಹೆಸರು ಬಂದದ್ದೇ ಅಲ್ಲಿದ್ದ ಹದಿನೆಂಟು ಇಲಾಖೆಗಳ ಕಚೇರಿಗಳಿಂದ. 1860ರ ದಶಕದಲ್ಲಿ ಕಟ್ಟಿದ್ದು.

ಫಿಲಡೆಲ್ಫಿಯಾ ಕನ್ನಡಿಗ:

ಅಮೆರಿಕದಲ್ಲಿ 'ಕ್ಲರ್ಕ್' ಅಂದರೆ ಅರ್ಥವೇ ಸ್ವಲ್ಪ ಬೇರೆ. ಕೋರ್ಟಿನ ಕ್ಲರ್ಕ್ ಅಂದರೆ ನಮ್ಮ ರಿಜಿಸ್ಟ್ರಾರ್ ತರಹ, ಕೇಸು ದಾಖಲೆ ಎಲ್ಲ ಅವರ ಕೈಯಲ್ಲಿ. 'ಲಾ ಕ್ಲರ್ಕ್' ಅಂದರೆ ಕಾನೂನು ಓದು ಮುಗಿಸಿದ ಹುಡುಗ ಹುಡುಗಿಯರು, ಒಂದೆರಡು ವರ್ಷ ನ್ಯಾಯಮೂರ್ತಿಗಳಿಗೆ ಓದಿ, ಹುಡುಕಿ, ಕರಡು ಬರೆದುಕೊಡುವವರು. 1882ರಲ್ಲಿ ಹೊರೇಸ್ ಗ್ರೇ ಎಂಬ ನ್ಯಾಯಮೂರ್ತಿ ಸುಪ್ರೀಂ ಕೋರ್ಟಿಗೆ ಬಂದಾಗ ತಮ್ಮ ಜೇಬಿನಿಂದ ಸಂಬಳ ಕೊಟ್ಟು ಈ ಪದ್ಧತಿ ಶುರು ಮಾಡಿದರು. ಈಗಿನ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಕೂಡ ಹಿಂದೆ ರೆನ್‌ಕ್ವಿಸ್ಟ್ ಅವರ ಹತ್ತಿರ ಲಾ ಕ್ಲರ್ಕ್ ಆಗಿದ್ದವರು. ನಮ್ಮ ಹೈಕೋರ್ಟಿನಲ್ಲೂ ಈಗ ಲಾ ಕ್ಲರ್ಕ್‌ಗಳು ಇದ್ದಾರೆ.

2023ರ ಜನವರಿಯಲ್ಲಿ ಇಲ್ಲಿ ನಡೆದದ್ದನ್ನು ನಾನು ಮನೆಯಲ್ಲಿ ಕೂತು ರಾತ್ರಿಯೆಲ್ಲ ನೋಡಿದೆ. ಕೆಳಮನೆಗೆ ಸ್ಪೀಕರ್ ಆರಿಸಬೇಕಿತ್ತು. ಬಹುಮತ ಸಿಗಲಿಲ್ಲ, 15 ಸುತ್ತು ಮತದಾನ ನಡೆಯಿತು. ಸ್ಪೀಕರ್ ಇಲ್ಲ ಅಂದರೆ ಸದಸ್ಯರ ಪ್ರಮಾಣವಚನವೂ ಇಲ್ಲ. ಅಷ್ಟು ದಿನ ಆ ಪೀಠದಲ್ಲಿ ನಿಂತು ಸಭೆ ನಡೆಸಿದ್ದು ಸದನದ ಕ್ಲರ್ಕ್ ಚೆರಿಲ್ ಜಾನ್ಸನ್. ಎದುರಿಗೆ ಸದಸ್ಯರು ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದರೂ ಅವರ ದನಿ ಏರಲಿಲ್ಲ. ಪ್ರತಿ ಸುತ್ತಿನ ಎಣಿಕೆ ಓದಿದರು, ಮತ್ತೆ ಹೆಸರು ಕರೆಸಿದರು. ಎರಡೂ ಪಕ್ಷದವರು ಆಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದರು.

ಚಂದ್ರಗಿರಿ:

ಕಾಸರಗೋಡಿನಿಂದ. ಕರಿ ಕೋಟು ಅವರು ಖಾಸಗಿ ಗುಮಾಸ್ತರ ಮಾತು ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ. ಅವರಿಗೆ ಪಿಂಚಣಿ ಇಲ್ಲ, ವಕೀಲರು ತೀರಿಕೊಂಡರೆ ಕೆಲಸವೂ ಇಲ್ಲ. ಕೇರಳದಲ್ಲಿ ವಕೀಲರ ಗುಮಾಸ್ತರಿಗೆ ಕಲ್ಯಾಣ ನಿಧಿ ಮಾಡುವ ಕಾಯ್ದೆಯೇ ಇದೆ, 2003ರದ್ದು. ನನ್ನ ಮಾವ ಒಬ್ಬರು ನಲವತ್ತು ವರ್ಷ ಗುಮಾಸ್ತರಾಗಿದ್ದವರು, ಕನ್ನಡದ ಹಳೇ ಪತ್ರ ಓದಲು ಈಗಲೂ ವಕೀಲರು ಅವರನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ನಿಧಿಯಿಂದ ಬರುವುದು ದೊಡ್ಡ ಮೊತ್ತ ಅಲ್ಲ. ಆದರೆ ನೀನೂ ಈ ವ್ಯವಸ್ಥೆಯ ಭಾಗ ಅಂತ ಕಾನೂನು ಒಪ್ಪಿಕೊಂಡಿತಲ್ಲ, ಅವರಿಗೆ ಅದು ದೊಡ್ಡದು.

ಕಕ್ಷಿದಾರ ಕಂಡಂತೆ:

ಎಲ್ಲ ಓದಿದೆ. ಒಂದು ಪ್ರಶ್ನೆ. ಈಗ ಎಲ್ಲ ಕಂಪ್ಯೂಟರ್ ಆಯಿತಲ್ಲ. ಕೇಸಿನ 16 ಅಕ್ಷರದ ಸಿಎನ್‌ಆರ್ ನಂಬರು ಹಾಕಿದರೆ ಮೊಬೈಲಿನಲ್ಲೇ ತಾರೀಕು ಬರುತ್ತದೆ. ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ 2023ರಲ್ಲಿ 7,210 ಕೋಟಿ ಕೊಟ್ಟಿದೆ. ಸುಪ್ರೀಂ ಕೋರ್ಟಿನಲ್ಲಿ ಅದೇ ವರ್ಷ ಯಂತ್ರವೇ ವಾದ ಕೇಳಿ ಬರೆಯಲು ಶುರು ಮಾಡಿತು. ಹಾಗಾದರೆ ಸುಳ್ಳು ಷರಾ, 'ನೋಡ್ಕೊಳ್ಳಿ' ಎಲ್ಲ ಹೋಗುತ್ತದೆ, ಅಲ್ವಾ? ಮನುಷ್ಯರ ಕೈ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅಂತ ನನಗೆ ಅನಿಸುತ್ತದೆ.

ಹಳೇ ದಫ್ತರ:

ಕಡಿಮೆ ಆಗಿದೆ, ಒಪ್ಪುತ್ತೇನೆ. ಮೊದಲು ತಾರೀಕು ಕೇಳಲು ಇಡೀ ದಿನ ಕೂಲಿ ಬಿಟ್ಟು ಬರುತ್ತಿದ್ದರು. ಈಗ ಆ ಕಷ್ಟ ಇಲ್ಲ. ಅದು ಬಹಳ ದೊಡ್ಡ ಕೆಲಸ. ಸಮನ್ಸ್ ತೆಗೆದುಕೊಂಡು ಹೋದವರು ಯಾವ ಜಾಗದಲ್ಲಿ ನಿಂತಿದ್ದರು ಅನ್ನುವುದು ಫೋನಿನಲ್ಲೇ ದಾಖಲಾದರೆ ನಿಮ್ಮ ಚಿಕ್ಕಮ್ಮನಿಗೆ ಆದದ್ದು ಇನ್ನೊಬ್ಬರಿಗೆ ಆಗಲಿಕ್ಕಿಲ್ಲ.

ಆದರೆ ಒಂದು ಯೋಚನೆ ಮಾಡಿ. ಜಡ್ಜ್ ಪೀಠದಲ್ಲಿ ಕೂತು ದಿನಕ್ಕೆ ಸಾವಿರ ಮಾತು ಆಡುತ್ತಾರೆ. ವಕೀಲರನ್ನು ಪ್ರಶ್ನೆ ಕೇಳುತ್ತಾರೆ, ಗದರುತ್ತಾರೆ, ಹೀಗೆ ಮಾಡಿದರೆ ಹೇಗೆ ಅಂತ ಯೋಚಿಸುತ್ತಾರೆ. ಅದೆಲ್ಲ ಆದೇಶ ಅಲ್ಲ. ಆದೇಶ ಯಾವುದು, ಬರೀ ಮಾತು ಯಾವುದು ಅನ್ನುವುದು ಗೊತ್ತಿರಬೇಕು, ಗೊತ್ತಾಗದಿದ್ದರೆ ಎದ್ದು ನಿಂತು 'ಸಾಹೇಬ್ರೇ, ಇದನ್ನು ಹೀಗೆ ಬರೆದುಕೊಳ್ಳಲಾ' ಅಂತ ಕೇಳಬೇಕು. ಸಾಕ್ಷಿಯ ಹೇಳಿಕೆ ನೋಡಿ. ಕೆಳಗಿನ ಕೋರ್ಟಿನಲ್ಲಿ ಕನ್ನಡದಲ್ಲಿ ಬರೆಯುತ್ತೇವೆ. ಪಾಟೀಸವಾಲಿನಲ್ಲಿ ಹಳ್ಳಿಯ ಅಜ್ಜಿ 'ಹೂಂ' ಅಂದರೆ ಅದು ಒಪ್ಪಿಗೆಯೋ, ಕೇಳಿಸಿತು ಅನ್ನುವುದೋ? 'ಇದ್ದಿರಬಹುದು' ಅಂದರೆ ಇತ್ತು ಅಂತಲೋ, ಗೊತ್ತಿಲ್ಲ ಅಂತಲೋ? ಕೇಸು ಅಲ್ಲೇ ತಿರುಗುತ್ತದೆ. ಹೇಳಿಕೆಯನ್ನು ಓದಿ ಹೇಳಿ, ಸರಿ ಅಂದ ಮೇಲೆ ಸಹಿ ತೆಗೆದುಕೊಳ್ಳುವ ಪದ್ಧತಿ ಇರುವುದು ಇದಕ್ಕೇ. ಓದಿ ಹೇಳುವಾಗ ಗಡಿಬಿಡಿ ಮಾಡಿದರೆ ಯಂತ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನನ್ನ ಆಸೆ ಬೇರೆ. ಖಾಲಿ ಹುದ್ದೆ ತುಂಬಬೇಕು. ಹೊಸಬರನ್ನು ಸೇರಿದ ಮರುದಿನವೇ ಬೆಂಚಿಗೆ ಕೂರಿಸದೆ ಆರು ತಿಂಗಳು ಕಲಿಸಬೇಕು. ಷರಾ ಬರೆದವರನ್ನು ಕರೆದು ಕೇಳುವ ಆ ನಿಯಮವನ್ನು ದಿನಾ ಪಾಲಿಸಬೇಕು. ನಕಲು ಶಾಖೆಯಲ್ಲಿ ಪುಟಕ್ಕೆ ಎಷ್ಟು ಶುಲ್ಕ, ಎಷ್ಟು ದಿನ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ.

ಶೀಘ್ರಲಿಪಿ:

ಸದನಕ್ಕೂ ಇದೇ ಮಾತು. ಕ್ಯಾಮೆರಾದಲ್ಲಿ ದನಿ ಇರುತ್ತದೆ. ಆದರೆ ಇಪ್ಪತ್ತು ವರ್ಷದ ನಂತರ ಒಬ್ಬ ವಿದ್ಯಾರ್ಥಿ ಒಂದು ಮಸೂದೆಯ ಚರ್ಚೆ ಹುಡುಕಿದರೆ ಅವನಿಗೆ ಬೇಕಾದದ್ದು ಪುಟ. ಯಾರು, ಯಾವಾಗ, ಯಾವ ಕಲಮಿನ ಮೇಲೆ ಮಾತಾಡಿದರು ಅಂತ ಸೂಚಿ ಸಮೇತ. ನಮ್ಮ ಸದನದ ಹಳೆಯ ಸಂಪುಟಗಳನ್ನು ತೆಗೆದು ಓದಿ, ಕನ್ನಡ ಎಷ್ಟು ಚೆನ್ನಾಗಿದೆ.

ಕಕ್ಷಿದಾರ ಕಂಡಂತೆ:

ಸರಿ ಸರ್. 'ಹೂಂ' ಅನ್ನುವ ಉದಾಹರಣೆ ಮನಸ್ಸಿಗೆ ತಾಗಿತು, ಚಿಕ್ಕಮ್ಮನೂ ಕಟಕಟೆಯಲ್ಲಿ ಹಾಗೇ ಅಂದಿದ್ದರು. ನನ್ನ ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಯಾರ ಮೇಲೆ ಎಷ್ಟು ಅನ್ನುವುದು ಈಗ ಸ್ವಲ್ಪ ಗೊತ್ತಾಯಿತು. ತುಂಗೆ ದಂಡೆಯವರೇ, ನಿಮ್ಮ ಅಪೀಲು ಏನಾಯಿತು?

ತುಂಗೆ ದಂಡೆ:

ದಾಖಲಾಗಿದೆ, ಎದುರು ಪಕ್ಷಕ್ಕೆ ನೋಟಿಸ್ ಹೋಗಿದೆ. ತಡ ಮನ್ನಿಸಿ ಅನ್ನುವ ಅರ್ಜಿ ಬೇಕಾಗಲಿಲ್ಲ.

ಹಳೇ ದಫ್ತರ:

ಸಂತೋಷ. ನಿಮ್ಮ ಹತ್ತಿರ ಇರುವ ನಕಲಿನ ಕೊನೆಯ ಪುಟ ತಿರುಗಿಸಿ ನೋಡಿ. ಒಂದು ಮೊಹರು ಇರುತ್ತದೆ. ಅರ್ಜಿ ಕೊಟ್ಟ ತಾರೀಕು, ಸಿದ್ಧವಾದ ತಾರೀಕು, ಕೊಟ್ಟ ತಾರೀಕು ಅಂತ ಸಾಲುಗಳು. ಅಪೀಲಿನ ದಿನ ಎಣಿಸುವುದು ಅದನ್ನು ನೋಡಿಯೇ.

ತುಂಗೆ ದಂಡೆ:

ಈಗ ತೆಗೆದು ನೋಡಿದೆ ಸರ್. ನೀಲಿ ಶಾಯಿಯಲ್ಲಿ, ಗುಂಡಗಿನ ಅಕ್ಷರ. ಅರ್ಜಿಯ ತಾರೀಕು ತೀರ್ಪಿನ ತಾರೀಕೇ ಇದೆ.